ಮುಳ್ಳು ನಿಲ್ಲದ ವ್ಯಾನು

ಅಂದು ಬೆಳಿಗ್ಗೆ ಗಾಳಿ ನಿಂತಿತ್ತು. ಮೂರು ದಿನದಿಂದ ಬೀದಿಯ ತಗಡಿನ ಬೋರ್ಡುಗಳನ್ನೆಲ್ಲ ಬಡಿದು, ಧೂಳೆಬ್ಬಿಸಿ, ಕಿಟಕಿಗಳ ಜೊತೆ ಜಗಳಕ್ಕೆ ನಿಂತಿದ್ದ ಗಾಳಿ, ಆ ಮಂಗಳವಾರ ಯಾರೋ ಹಿರಿಯರು ಗದರಿದ ಹಾಗೆ ತೆಪ್ಪಗಾಗಿತ್ತು. ಬಿಸಿಲು ಕೂಡ ಸದ್ದಿಲ್ಲದೆ ಬಂದು ಹೊಸ್ತಿಲ ಮೇಲೆ ಕೂತಿತ್ತು. ಅಷ್ಟು ನಿಶ್ಶಬ್ದವಾಗಿದ್ದುದರಿಂದಲೇ ದೂರದ ತಿರುವಿನಲ್ಲಿ ಹಳೆಯ ವ್ಯಾನೊಂದು ಗೇರು ಬದಲಿಸಿದ್ದು ಅವಳಿಗೆ ಕೇಳಿಸಿತು.

ಅವಳ ಕೈಯಲ್ಲಿದ್ದ ಚಿಮುಟ ಅಲ್ಲೇ ನಿಂತಿತು.

"ಬಂದ ನೋಡು, ನಿನ್ನ ಬ್ರೆಡ್ಡಿನವನು" ಎಂದರು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ ಸೋದರಮಾವ.

"ನನ್ನವನು ಯಾಕಾಗ್ತಾನೆ? ಗಿರಾಕಿ."

"ಗಿರಾಕಿ! ಆರನೇ ಸಲ ಬರೋ ಗಿರಾಕಿಯ ಸದ್ದು ತಿರುವಿನಲ್ಲೇ ಗೊತ್ತಾಗುತ್ತಾ?"

ಅವಳು ನಗಲಿಲ್ಲ. ಮೊದಮೊದಲಾಗಿದ್ದರೆ ನಗುತ್ತಿದ್ದಳೋ ಏನೋ.

ಅದು ಗಡಿಯಾರದ ಅಂಗಡಿಯಂತೆ ಕಾಣುವ, ಆದರೆ ಗಡಿಯಾರ ಒಂದೂ ಇಲ್ಲದ ಅಂಗಡಿ. ಗೋಡೆಯ ತುಂಬ ಹಳೆಯ ವಾಹನಗಳ ಮೀಟರುಗಳು: ವೇಗ ಹೇಳುವವು, ಬಿಸಿ ಹೇಳುವವು, ಎಣ್ಣೆ ಹೇಳುವವು. ಮಾವ ನಲವತ್ತು ವರ್ಷ ಅವುಗಳ ಮುಳ್ಳುಗಳನ್ನು ನೆಟ್ಟಗೆ ಮಾಡಿದವರು. ಬೆಳಿಗ್ಗೆ ಕೆಲಸಕ್ಕೆ ಕೂರುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. "ಟ್ಯಾಂಕಿನ ಒಳಗೆ ಕತ್ತಲು ಕಣೇ. ಯಾರೂ ನೋಡಿಲ್ಲ. ಈ ಮುಳ್ಳು ಹೇಳಿದ್ದನ್ನ ನಂಬ್ಕೊಂಡು ಮಕ್ಕಳು ಮರಿ ಕೂರಿಸ್ಕೊಂಡು ಹೊರಡ್ತಾರೆ. ದೇವರನ್ನ ನೆನೆಯದೆ ಇದನ್ನ ಮುಟ್ಟಬಾರದು" ಎನ್ನುತ್ತಿದ್ದರು. ಈಗ ಅವರ ಬೆರಳುಗಳು ನಡುಗುತ್ತವೆ. ಲೋಟ ಹಿಡಿದರೆ ನೀರು ತುಳುಕುತ್ತದೆ. ಕೆಲಸವೆಲ್ಲ ಅವಳದ್ದೇ. ಮೂವತ್ತಾರು ವಯಸ್ಸಿನ ಅವಳನ್ನು ಬೀದಿಯಲ್ಲಿ ಎಲ್ಲರೂ ಕರೆಯುವುದು ಮೀಟರಕ್ಕ ಎಂದು.

ಬ್ರೆಡ್ಡಿನವನೊಬ್ಬ ಮಾತ್ರ ಹಾಗೆ ಕರೆಯುತ್ತಿರಲಿಲ್ಲ. "ಊರಿಗೆಲ್ಲ ನೀನು ಅಕ್ಕ, ಅವನೊಬ್ಬನಿಗೆ ಮೇಡಂ. ಗಮನಿಸಿದ್ದೀಯಾ?" ಎಂದು ಮಾವ ಒಮ್ಮೆ ಕೇಳಿದ್ದರು. ಅವಳು ಗಮನಿಸಿದ್ದಳು. ಗಮನಿಸಿಲ್ಲ ಎಂದಿದ್ದಳು.

ಮೊದಲ ಸಲ ಅವನು ಬಂದದ್ದು ನಿಜವಾದ ಕಾಯಿಲೆಯೊಂದಿಗೆ. ವ್ಯಾನಿಗೆ ಅವನಷ್ಟೇ ವಯಸ್ಸು. ಅವನ ಅಕ್ಕನ ಬೇಕರಿಯಿಂದ ಬೆಳಗಿನ ಬ್ರೆಡ್ಡನ್ನು ಅಂಗಡಿ ಅಂಗಡಿಗೆ ಹಂಚುವ ಗಾಡಿ. ಟ್ಯಾಂಕು ತುಂಬಿದ್ದರೂ ಮುಳ್ಳು ಖಾಲಿ ಎನ್ನುತ್ತಿತ್ತು. ಖಾಲಿಯಾದ ದಿನ ಮಾತ್ರ ಎದ್ದು ಅರ್ಧ ತೋರಿಸಿ, ಸೇತುವೆಯ ಮೇಲೆ ಅವನನ್ನು ನಿಲ್ಲಿಸಿಬಿಟ್ಟಿತ್ತು.

"ನಿಮ್ಮ ಗಾಡಿಗೆ ಹಾಸ್ಯಪ್ರಜ್ಞೆ ಇದೆ" ಎಂದಿದ್ದಳು ಅವಳು.

"ಒಡೆಯನಿಗಿಲ್ಲ ಅಂತ ಗಾಡಿ ಇಟ್ಕೊಂಡಿದೆ ಮೇಡಂ."

ಸೀಟಿನ ಹಿಂದಿನ ಮುಚ್ಚಳ ತೆಗೆದು, ಟ್ಯಾಂಕಿನೊಳಗೆ ತೇಲುವ ಬುರುಡೆಯನ್ನೂ ಅದರ ತೋಳನ್ನೂ ಹೊರತೆಗೆದು, ಸವೆದುಹೋದ ಕೂದಲೆಳೆಯ ತಂತಿಯನ್ನು ಹೊಸದಾಗಿ ಸುತ್ತಿದ್ದಳು. ಅರ್ಧ ದಿನದ ಕೆಲಸ. ಅವನು ಅಷ್ಟೂ ಹೊತ್ತು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದ್ದ. ಕೆಲಸ ನೋಡುವವರು ಅವಳಿಗೆ ಅಪರೂಪ. ಹೆಚ್ಚಿನವರು ನೋಡುವುದು ತಮ್ಮ ಕೈಗಡಿಯಾರವನ್ನು. ಹಾಗಾಗಿ ಅವಳಿಗೂ ಹುರುಪು ಬಂದಿತ್ತು. ಕೊನೆಗೆ, ಬೆರಳ ತುದಿಯಲ್ಲಿ ಒಂದು ಪುಟ್ಟ ವಾಷರ್ ಎತ್ತಿ ತೋರಿಸಿದ್ದಳು. ಸುತ್ತಲೂ ಹಲ್ಲಿರುವ, ಬೇಳೆಕಾಳಿನಷ್ಟು ದೊಡ್ಡದು.

"ನೋಡಿ, ಇಷ್ಟೆಲ್ಲ ಮಾಡಿದ್ದು ಇದಿಲ್ಲದಿದ್ದರೆ ದಂಡ. ಟ್ಯಾಂಕಿನ ತಂತಿಯನ್ನ ಗಾಡಿಯ ಮೈಗೆ ಸೇರಿಸೋ ಜಾಗ ಇದು. ಗಾಡಿ ಮೈಗೆ ಬಣ್ಣ ಬಳಿದಿರ್ತಾರಲ್ಲ, ಬಣ್ಣದ ಮೇಲೆ ಕರೆಂಟು ದಾಟಲ್ಲ. ಈ ಹಲ್ಲು ಬಣ್ಣವನ್ನ ಕಚ್ಚಿ ಒಳಗಿನ ಕಬ್ಬಿಣ ಹಿಡಿಯುತ್ತೆ. ಇದನ್ನ ತೆಗೆದು ಸ್ಕ್ರೂ ಸ್ವಲ್ಪ ಸಡಿಲಬಿಟ್ಟರೆ ಸಾಕು, ಮುಳ್ಳು ನಡುಗಿ ನಡುಗಿ ಬಿದ್ದುಹೋಗುತ್ತೆ."

"ಇಷ್ಟು ಪುಟ್ಟದಾ?" ಎಂದು ಅವನು ವಾಷರನ್ನು ನೋಡುವ ನೆಪದಲ್ಲಿ ಅವಳ ಬೆರಳನ್ನೇ ನೋಡಿದ್ದ. ಅವಳು ಅದನ್ನೂ ಗಮನಿಸಿದ್ದಳು.

ಸಂಜೆ ಗಾಡಿ ಒಯ್ಯಲು ಬಂದಾಗ ನೀಲಿ ಚೌಕಳಿಯ ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೆಡ್ಡೊಂದನ್ನು ಮೇಜಿನ ಮೇಲಿಟ್ಟು, "ಬಟ್ಟೆ ಮುಂದಿನ ಸಲ ಕೊಡಿ" ಎಂದಿದ್ದ.

"ಮುಂದಿನ ಸಲ ಇರಲ್ಲ. ನಾನು ಮಾಡಿದ್ದು ಕೆಡಲ್ಲ."

"ಅಯ್ಯೋ, ಅಷ್ಟು ಗಟ್ಟಿಯಾಗಿ ಮಾಡಿಬಿಟ್ರಾ?"

ಆ ಮಾತಿಗೆ ಅವಳು ಎಷ್ಟೋ ದಿನ ಒಬ್ಬಳೇ ನಕ್ಕಿದ್ದಳು.

ಮೂರೇ ವಾರಕ್ಕೆ, ಮತ್ತೆ ಮಂಗಳವಾರವೇ, ಅವನು ಬಂದ. ಮುಳ್ಳು ಬಿದ್ದಿತ್ತು. ಮುಚ್ಚಳ ತೆಗೆದು ನೋಡಿದರೆ ವಾಷರ್ ಇರಲಿಲ್ಲ. ಹಾಕಲು ಮರೆತೆನೆಂದು ಅವಳು ನಾಲಿಗೆ ಕಚ್ಚಿಕೊಂಡಳು. ಅವನಿಗೆ ತೋರಿಸುತ್ತಾ ಮಾತಿನ ಭರದಲ್ಲಿ ಎಲ್ಲೋ ಇಟ್ಟಿರಬೇಕು. ಹೊಸದನ್ನು ಹಾಕಿದಳು. ಅವನು ಬ್ರೆಡ್ಡು ಕೊಟ್ಟ. ಇಬ್ಬರೂ ನಕ್ಕರು.

ಮೂರನೇ ಸಲವೂ ವಾಷರ್ ಇರಲಿಲ್ಲ. ಆಗ ನಕ್ಕವನು ಅವನೊಬ್ಬನೇ.

ನಾಲ್ಕನೇ ಸಲ ಮುಚ್ಚಳದ ಕೆಳಗೆ ಬರಿಯ ತಂತಿಯನ್ನು ಕಂಡಾಗ ಅವಳು ತಿರುಗಿ ಮಾವನ ಕುರ್ಚಿಯ ಕಡೆ ನೋಡಿದಳು. ಏಕೆಂದರೆ ಮಾವನಿಗೂ ಶುರುವಾಗಿದ್ದು ಹೀಗೇ. ಮೊದಲು ಕೈ ನಡುಗಿರಲಿಲ್ಲ. ಮೊದಲು ಮರೆತದ್ದು ಸಣ್ಣ ಸಣ್ಣ ಸಾಮಾನು. ಹಾಕಿದೆನೆಂದುಕೊಂಡ ಸ್ಕ್ರೂ ಮೇಜಿನ ಮೇಲೆ ಉಳಿದಿರುತ್ತಿತ್ತು, ಹಿಡಿದೆನೆಂದುಕೊಂಡದ್ದು ಬೆರಳಿಂದ ಜಾರಿರುತ್ತಿತ್ತು. ವರ್ಷದೊಳಗೆ ನಡುಕ ಬಂದಿತ್ತು. ಅವರಮ್ಮನಿಗೂ ಅದೇ ಆಗಿತ್ತಂತೆ. ಅವರಮ್ಮನೆಂದರೆ ಅವಳ ಅಜ್ಜಿ.

ಅಂದಿನಿಂದ ಅವಳು ಬೆಳಗ್ಗೆ ಏಳುತ್ತಲೇ ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ಚಾಚಿ ನೋಡುವುದು ಕಲಿತಳು. ನಡುಗುತ್ತಿದೆಯೇ? ಇಲ್ಲ. ಈಗ? ದಿಟ್ಟಿಸಿ ನೋಡಿದರೆ ಯಾರ ಕೈಯಾದರೂ ನಡುಗಿದಂತೆ ಕಾಣುತ್ತದೆ. ಮಾವನಿಗೆ ತಿಳಿಯದಂತೆ ಡಾಕ್ಟರ ಹತ್ತಿರ ಹೋಗಿಬಂದಳು. "ಈಗಲೇ ಏನೂ ಹೇಳಕ್ಕಾಗಲ್ಲ, ಗಮನಿಸ್ತಾ ಇರಿ" ಎಂದರು ಅವರು. ಗಮನಿಸುವುದೇ ಅವಳ ಪ್ರಾರ್ಥನೆಯಾಯಿತು.

ಐದನೇ ಸಲ ವಾಷರ್ ಹಾಕುವಾಗ ಮಾವನನ್ನು ವ್ಯಾನಿನೊಳಗೆ ಕರೆದಿದ್ದಳು. "ಮಾವ, ನೋಡಿ. ಹಾಕಿದೆ ತಾನೇ?"

"ಹಾಕಿದೆ."

"ಸರಿಯಾಗಿ ನೋಡಿ. ನನ್ನ ಮಾತು ಬೇಡ, ನಿಮ್ಮ ಕಣ್ಣಿಂದ ನೋಡಿ."

ಮಾವ ಅವಳ ಮುಖ ನೋಡಿದ್ದರು. ಏನೂ ಕೇಳದೆ, ಬಗ್ಗಿ ನೋಡಿ, "ಹಾಕಿದ್ದೀಯ ಮಗಳೇ" ಎಂದಿದ್ದರು. ಆಮೇಲೆ ಅವಳು ಕೆಂಪು ನೇಲ್‌ಪಾಲಿಶ್ ತೆಗೆದುಕೊಂಡು, ಸ್ಕ್ರೂವಿನ ತಲೆಯಿಂದ ಗಾಡಿಯ ಮೈವರೆಗೆ ಒಂದು ಸಣ್ಣ ಗೆರೆ ಎಳೆದಿದ್ದಳು. ಮಾವನ ಕಾಲದ ಪದ್ಧತಿ. ಗಾಡಿಯ ಕುಲುಕಾಟಕ್ಕೆ ಸ್ಕ್ರೂ ತಾನಾಗಿ ಸಡಿಲವಾದರೆ ಗೆರೆಯ ಎರಡು ತುಂಡು ಮೆಲ್ಲಗೆ ಅತ್ತಿತ್ತ ಸರಿದಿರುತ್ತವೆ.

ಅದೇ ವಾರ ಬಸ್ ಡಿಪೋದ ಮೇಸ್ತ್ರಿ ಬಂದಿದ್ದರು. ನಲವತ್ತು ಹಳೆಯ ಬಸ್ಸುಗಳ ಮೀಟರುಗಳನ್ನು ಸರಿ ಮಾಡುವ, ಒಂದು ವರ್ಷ ಪೂರ್ತಿ ಹಿಡಿಯುವ ಕೆಲಸ. ಮಾವ ಇಪ್ಪತ್ತು ವರ್ಷ ಬಯಸಿದ್ದು. ಅವಳು ಆಗುವುದಿಲ್ಲ ಎಂದುಬಿಟ್ಟಳು. ಒಂದು ಬ್ರೆಡ್ಡಿನ ವ್ಯಾನಿನ ಮುಳ್ಳನ್ನು ನಿಲ್ಲಿಸಲಾಗದವಳು ಐವತ್ತು ಜನ ಕೂರುವ ಬಸ್ಸನ್ನು ಹೇಗೆ ಮುಟ್ಟುವುದು? ಬೆಟ್ಟದ ದಾರಿಯಲ್ಲಿ ಅದು ನಿಂತುಹೋದರೆ?

ಈಗ, ಗಾಳಿ ನಿಂತ ಈ ಬೆಳಿಗ್ಗೆ, ವ್ಯಾನು ಅಂಗಡಿಯ ಮುಂದೆ ನಿಂತಿತು.

"ಮೇಡಂ, ಕೋಪ ಮಾಡ್ಕೋಬಾರದು" ಎನ್ನುತ್ತಾ ಅವನು ಇಳಿದ. ತೋಳಿನ ಮೇಲೆ ಹಿಟ್ಟಿನ ಬಿಳಿ, ಕೈಯಲ್ಲಿ ನೀಲಿ ಚೌಕಳಿಯ ಗಂಟು. "ಈ ಮುಳ್ಳಿಗೆ ನಿಮ್ಮನ್ನ ಬಿಟ್ಟಿರಕ್ಕಾಗಲ್ಲ ಅಂತ ಕಾಣುತ್ತೆ."

"ಕೊಡಿಲ್ಲಿ" ಎಂದು ಮಾವ ಬ್ರೆಡ್ಡಿನ ಗಂಟಿಗೆ ಕೈ ಚಾಚಿದರು. ಅವರ ಕೈಯಲ್ಲಿ ಗಂಟು ಕುಣಿಯಿತು.

ಅವಳು ಟಾರ್ಚು ಹಿಡಿದು ವ್ಯಾನಿನ ಒಳಗೆ ಹೋದಳು. ಒಳಗೆಲ್ಲ ಬೆಂದ ಗೋಧಿಯ ವಾಸನೆ. ಮುಚ್ಚಳ ತೆಗೆಯುವ ಮುನ್ನ ಕಣ್ಣು ಮುಚ್ಚಿದಳು. ದೇವರೇ, ನನ್ನ ಕೈ ಹೋಗಿದ್ದರೆ ಹೋಗಿದೆ ಎಂದು ಹೇಳಿಬಿಡು, ಹೀಗೆ ಅರ್ಧರ್ಧ ಬೇಡ.

ಕೆಂಪು ಗೆರೆ ಮೆಲ್ಲಗೆ ಸರಿದಿರಲಿಲ್ಲ. ಎರಡು ತುಂಡುಗಳನ್ನು ಯಾರೋ ಜಾಣತನದಿಂದ ಮತ್ತೆ ಎದುರುಬದುರು ಕೂರಿಸಿದ್ದರು. ಆದರೆ ಪಾಲಿಶಿನ ಮೇಲೆ ಸ್ಕ್ರೂಡ್ರೈವರ್ ಜಾರಿದ ಹೊಸ ಗೀರು ಇತ್ತು. ಸ್ಕ್ರೂ ಬಿಚ್ಚಿದಳು. ಗಾಡಿಯ ಮೈಮೇಲೆ, ಬಣ್ಣದಲ್ಲಿ, ಹಲ್ಲುಗಳು ಕಚ್ಚಿದ ದುಂಡನೆಯ ಗುರುತುಗಳು ಒಂದರ ಮೇಲೊಂದು ಅಚ್ಚೊತ್ತಿದಂತೆ ಇದ್ದವು; ಇಷ್ಟು ದಿನ ಹೆದರಿಕೆಯಲ್ಲಿ ಅವಳು ಅವನ್ನು ದಿಟ್ಟಿಸಿ ನೋಡಿಯೇ ಇರಲಿಲ್ಲ. ಕಚ್ಚಿದ ವಾಷರ್ ಮಾತ್ರ ಇರಲಿಲ್ಲ.

ಅವಳು ಹಾಕಿದ್ದಳು. ಐದೂ ಸಲ ಹಾಕಿದ್ದಳು.

ಮೊದಲು ಬಂದದ್ದು ಸಂತೋಷ. ಕಣ್ಣಲ್ಲಿ ನೀರು ಬರುವಷ್ಟು. ಅದರ ಬೆನ್ನಿಗೇ ಬಂದದ್ದಕ್ಕೆ ಅವಳ ಬಳಿ ಹೆಸರಿರಲಿಲ್ಲ. ತಾನೇ ಕಲಿಸಿಕೊಟ್ಟದ್ದು, ಅಂದು ಬೆರಳ ತುದಿಯಲ್ಲಿಟ್ಟು, ಹುರುಪಿನಿಂದ, ಮಗುವಿಗೆ ಚಂದ್ರನನ್ನು ತೋರಿಸುವ ಹಾಗೆ ತೋರಿಸಿದ್ದು.

ಕೆಳಗಿಳಿದು ಬಂದಳು. ಅವನು ಬಾನೆಟ್ಟಿಗೆ ಒರಗಿ ನಗುತ್ತಾ ನಿಂತಿದ್ದ.

"ಏನಂತೆ ಮೇಡಂ ಕಾಯಿಲೆ?"

"ವಾಷರ್ ಎಲ್ಲಿ?"

"ಯಾವ..."

"ಐದು ವಾಷರ್. ಎಲ್ಲಿವೆ?"

ನಗು ಅವನ ಮುಖದಿಂದ ಒಂದೇ ಸಲಕ್ಕೆ ಹೋಗಲಿಲ್ಲ. ತುಟಿಯ ಒಂದು ಮೂಲೆಯಲ್ಲಿ, ಹೊರಡಲು ದಾರಿ ತಿಳಿಯದ ನೆಂಟನಂತೆ ಸ್ವಲ್ಪ ಹೊತ್ತು ಉಳಿದಿತ್ತು.

"ಇವೆ. ಮನೆಯಲ್ಲಿವೆ" ಎಂದ. "ಒಂದೂ ಬಿಸಾಕಿಲ್ಲ."

"ಯಾಕೆ?"

"ಬರೋದಕ್ಕೆ ಇನ್ನೊಂದು ಕಾರಣ ಇರಲಿಲ್ಲ." ಅವನು ಟೋಪಿ ತೆಗೆದು ಕೈಯಲ್ಲಿ ಹಿಂಡಿದ. "ಪ್ರತಿ ಸಲ, ಈ ಸಲ ಹೇಳಿಬಿಡೋಣ ಅಂತಲೇ ಬರ್ತಿದ್ದೆ. ನೀವು ಬಗ್ಗಿ ಕೆಲಸ ಮಾಡ್ತಾ, ಕಿವಿ ಹಿಂದೆ ಸಿಕ್ಕಿಸಿದ ಕೂದಲು ಜಾರಿದಾಗ ಭುಜದಿಂದ ಅದನ್ನ ತಳ್ತೀರಲ್ಲ, ಕೈ ಬಿಡುವಿಲ್ಲದೆ... ಅದನ್ನ ನೋಡ್ತಿದ್ದೆ. ಮಾತೆಲ್ಲ ಮರೆತುಹೋಗ್ತಿತ್ತು. ಇನ್ನೊಂದು ಸಲ ಬರೋಣ ಅನ್ನಿಸ್ತಿತ್ತು. ನಾನು ನಿಮ್ಮನ್ನ ಇಷ್ಟಪಡ್ತೀನಿ. ತುಂಬಾ."

ಎಷ್ಟು ಮಂಗಳವಾರ ಅವಳು ಈ ಮಾತಿಗಾಗಿ ಕಾದಿರಲಿಲ್ಲ! ಅದು ಇಂದು ಬಂದಿತ್ತು, ಹೊತ್ತು ಮೀರಿ, ಕದ್ದ ಸಾಮಾನಿನ ಜೊತೆಯಲ್ಲಿ.

"ನಿಮಗೆ ಬರೋ ಕಾರಣ ಬೇಕಿತ್ತು" ಎಂದಳು. ಧ್ವನಿ ಏರಲಿಲ್ಲ. "ಅದಕ್ಕೆ ನನ್ನ ಕೈಯನ್ನ ತಗೊಂಡ್ರಿ."

"ಕೈ? ನಾನು ಬರೀ ಒಂದು ವಾಷರ್..."

"ಅಲ್ಲಿ ನೋಡಿ." ಅವಳು ಅಂಗಡಿಯೊಳಗೆ ತೋರಿಸಿದಳು. ಮಾವ ಆಗಲೇ ಗಂಟು ಬಿಚ್ಚಿ, ಬ್ರೆಡ್ಡು ಮುರಿದು, ನಡುಗುವ ಎರಡು ಕೈಗಳಲ್ಲಿ ಹಿಡಿದು ತಿನ್ನುತ್ತಿದ್ದರು. ಚೂರುಗಳು ಮಡಿಲ ತುಂಬ ಉದುರಿದ್ದವು. "ಅವರಿಗೆ ಶುರುವಾಗಿದ್ದು ಹೀಗೇ. ಹಾಕಿದ್ದು ಇರ್ತಿರಲಿಲ್ಲ. ನಮ್ಮಜ್ಜಿಗೂ. ಎರಡು ತಿಂಗಳಿಂದ ನಾನು ದಿನಾ ಬೆಳಗ್ಗೆ ಎದ್ದು ಕೈ ನೋಡ್ಕೋತೀನಿ. ಡಾಕ್ಟರ ಹತ್ರ ಹೋಗಿದ್ದೆ. ಡಿಪೋದವರು ನಲವತ್ತು ಬಸ್ಸಿನ ಕೆಲಸ ತಂದು ಕೊಟ್ಟರು. ನನ್ನಿಂದ ಆಗಲ್ಲ ಅಂದೆ. ನೀವು ಪಕ್ಕದಲ್ಲೇ ಕೂತು ನೋಡ್ತಿದ್ರಿ, ಅಲ್ವಾ? ಕೂದಲು ನೋಡಿದ್ರಿ. ನನ್ನ ಮುಖ ನೋಡ್ಲಿಲ್ವಾ?"

ಹಿಟ್ಟು ಮೆತ್ತಿದ ತೋಳಿಗಿಂತ ಅವನ ಮುಖ ಬಿಳಿಯಾಗಿತ್ತು.

ಅವಳು ಡ್ರಾಯರಿನಿಂದ ಹೊಸ ವಾಷರ್ ತೆಗೆದು, ವ್ಯಾನಿನೊಳಗೆ ಹೋಗಿ ಹಾಕಿ, ಸ್ಕ್ರೂ ಬಿಗಿದು, ಮುಚ್ಚಳ ಮುಚ್ಚಿ ಬಂದಳು. ಡ್ಯಾಶ್‌ಬೋರ್ಡಿನಲ್ಲಿ ಮುಳ್ಳು ಎದ್ದು, ಮುಕ್ಕಾಲಿನ ಹತ್ತಿರ ಹೋಗಿ, ಅಲುಗದೆ ನಿಂತಿತು.

"ಇನ್ನು ಕೆಡಲ್ಲ. ಇನ್ನು ಬರಬೇಡಿ."

ವ್ಯಾನು ಹೋಯಿತು. ತಿರುವಿನಲ್ಲಿ ಗೇರು ಬದಲಾದ ಸದ್ದು ಕೇಳಬಾರದೆಂದುಕೊಂಡಳು. ಕೇಳಿಸಿತು.

ಮಾವ ಮಡಿಲ ಚೂರುಗಳನ್ನು ಒಂದೊಂದಾಗಿ ಆಯುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ನನಗೆ ಯಾಕೆ ಹೇಳ್ಲಿಲ್ಲ ಮಗಳೇ, ಡಾಕ್ಟರ ವಿಷಯ?"

"ನೀವು ಹೆದರ್ತಿದ್ರಿ."

"ಈಗ ನೀನೊಬ್ಬಳೇ ಹೆದರಿದ ಹಾಗಾಯ್ತಲ್ಲ." ಮಡಿಲು ಕೊಡವಿ ಅಂದರು: "ಬ್ರೆಡ್ಡು ತಿಂದುಬಿಟ್ಟೆ. ಗೊತ್ತಿದ್ದರೆ ತಿಂತಿರಲಿಲ್ಲ. ಚೆನ್ನಾಗಿತ್ತು, ಅದೂ ಒಂದು ಸಂಕಟ."

ಅವಳಿಗೆ ನಗು ಬಂತು. ನಗು ಬಂದದ್ದೇ ಅಳುವಾಯಿತು.

ಮನಸ್ಸಿಗೆ ಒಂದು ವಿಚಿತ್ರ ಗುಣವಿದೆ. ಮೋಸ ತಿಳಿದ ಮೇಲೂ ಅದು ಹಳೆಯ ದಾರಿಯಲ್ಲೇ ಹೋಗಿ ಬಾಗಿಲು ತಟ್ಟುತ್ತದೆ. ಮುಂದಿನ ಮಂಗಳವಾರ ಅವಳು ಬೆಳಗಿನಿಂದ ಎರಡು ಸಲ ತಿರುವಿನ ಕಡೆ ನೋಡಿದಳು. ನೋಡಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಆರು ನೀಲಿ ಚೌಕಳಿಯ ಬಟ್ಟೆಗಳನ್ನು ಒಗೆದು ಮಡಿಸಿ ಡ್ರಾಯರಿನಲ್ಲಿ ಇಟ್ಟಿದ್ದಳು. ಪ್ರತಿ ಸಲ ಅವನು ಮುಂದಿನ ಸಲ ಎಂದದ್ದು, ಪ್ರತಿ ಸಲ ಅವಳು ಬೇಕೆಂದೇ ಮರೆತದ್ದು. ಹಾಗೆ ನೋಡಿದರೆ ನೆಪಗಳನ್ನು ಕೂಡಿಟ್ಟವನು ಅವನೊಬ್ಬನೇ ಅಲ್ಲ. ಆದರೆ ಬಟ್ಟೆ ಇಟ್ಟುಕೊಂಡದ್ದರಿಂದ ಯಾರೂ ಬೆಳಗ್ಗೆ ಎದ್ದು ಕೈ ನೋಡಿಕೊಳ್ಳಲಿಲ್ಲ. ಆ ವ್ಯತ್ಯಾಸವನ್ನು ಅವಳು ದೇವರ ಮುಂದೆಯೂ ಬಿಟ್ಟುಕೊಡಲು ತಯಾರಿರಲಿಲ್ಲ.

ಹತ್ತು ದಿನದ ಮೇಲೆ ಡಿಪೋದ ಮೇಸ್ತ್ರಿ ಬಂದರು. ಹಿಂದೆ ಇಬ್ಬರು ಒಂದು ದೊಡ್ಡ ಪೆಟ್ಟಿಗೆ ಹೊತ್ತು ತಂದರು.

"ಮೀಟರಕ್ಕ, ನಿನ್ನ ಮಾತು ಕೇಳ್ಕೊಂಡು ನಾನು ಬೇರೆಯವರಿಗೆ ಕೆಲಸ ಕೊಡ್ತಿದ್ದೆನಲ್ಲಮ್ಮಾ! ಬದುಕಿದೆ."

"ಏನಾಯ್ತು?"

"ನಿನ್ನೆ ಬೆಳಗ್ಗೆ ಡಿಪೋದಲ್ಲಿ ಡ್ರೈವರುಗಳೆಲ್ಲ ಹಾಜರಿ ಹಾಕೋ ಹೊತ್ತು. ಆ ಬ್ರೆಡ್ಡಿನವನು ಬಂದ. ಒಳಗೆ ಬಾರಯ್ಯ ಅಂದೆ, ಬರಲಿಲ್ಲ. ಅಷ್ಟೂ ಜನರ ಮುಂದೆ ನಿಂತು ಹೇಳ್ದ: ಆ ಹೆಣ್ಣುಮಗಳ ಕೆಲಸದಲ್ಲಿ ಒಂದು ತಪ್ಪೂ ಇಲ್ಲ, ಐದು ಸಲ ನಾನೇ ಕೆಡಿಸಿದೆ, ಅವರು ತಮ್ಮ ಮೇಲೆ ಹಾಕ್ಕೊಂಡರು, ಅಂತ. ಯಾಕಯ್ಯಾ ಕೆಡಿಸಿದೆ ಅಂದ್ರೆ, ಅವರನ್ನ ನೋಡೋದಕ್ಕೆ ಅಂದ! ಡ್ರೈವರುಗಳು ಬಿಡ್ತಾರಾ? ಶಿಳ್ಳೆ ಹಾಕಿದರು, ಸ್ಟೀಲ್ ಡಬ್ಬ ಬಡಿದರು. ಒಬ್ಬ, ನನ್ನ ಬಸ್ಸಿನ ಹಾರನ್ನೂ ಕೆಡಿಸಿಕೊಡಪ್ಪ ಅಂದ. ತಲೆ ತಗ್ಗಿಸ್ಕೊಂಡು ಎಲ್ಲ ಮುಗಿಯೋವರೆಗೂ ನಿಂತಿದ್ದ. ಆಮೇಲೆ, ನಕ್ಕಿದ್ದಾಯ್ತಲ್ಲ, ಈಗ ಕೆಲಸ ಅವರಿಗೆ ಕೊಡಿ ಅಂದ." ಮೇಸ್ತ್ರಿ ಪೆಟ್ಟಿಗೆಯ ಮೇಲೆ ತಟ್ಟಿದರು. "ಹತ್ತು ಬಸ್ಸಿನದು ಇದರಲ್ಲಿದೆ. ಆಗುತ್ತೋ ಇಲ್ವೋ?"

ಮಾವ ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಆಗುತ್ತೆ" ಎಂದಳು.

ಅವನು ಬಂದದ್ದು ಅದರ ಮರುದಿನ. ಮಂಗಳವಾರವಲ್ಲ. ವ್ಯಾನಿನ ಸದ್ದೂ ಇರಲಿಲ್ಲ. ನಡೆದುಕೊಂಡೇ ಬಂದು ಹೊಸ್ತಿಲ ಆಚೆ ನಿಂತಿದ್ದ. ಅವಳು ಬಸ್ಸಿನ ಮೀಟರೊಂದನ್ನು ಬಿಚ್ಚಿ ಕೂತಿದ್ದಳು.

"ಬರಬೇಡಿ ಅಂದಿದ್ರಿ" ಎಂದ. "ನಿಮ್ಮದು ನನ್ನ ಹತ್ರ ಉಳಿದಿದೆ. ಅದನ್ನ ಕೊಟ್ಟು ಹೋಗ್ತೀನಿ."

ಅವಳು ಎದ್ದು ಡ್ರಾಯರ್ ಎಳೆದಳು. ನೀಲಿ ಚೌಕಳಿಯ ಬಟ್ಟೆಗಳ ಅಚ್ಚುಕಟ್ಟಾದ ಮಡಿಕೆಯನ್ನು ತಂದು ಅವನ ತೋಳಿನ ಮೇಲಿಟ್ಟಳು. ಅವನ ಕಣ್ಣು ಮಡಿಕೆಯ ಅಂಚುಗಳ ಮೇಲೆ ಒಂದು ಸಲ ಹರಿಯಿತು.

"ಐದಿವೆ."

"ಹೌದು."

"ನಾನು ಆರು..."

"ಒಂದು ನಾನು ಇಟ್ಕೊಂಡಿದ್ದೀನಿ. ಮರೆತಿಲ್ಲ, ಬೇಕಂತಲೇ ಇಟ್ಕೊಂಡಿದ್ದೀನಿ. ಸುಳ್ಳು ನನಗೆ ಬರಲ್ಲ, ಅದಕ್ಕೆ ಹೇಳ್ತಿದ್ದೀನಿ. ನನಗಿನ್ನೂ ಕೋಪ ಹೋಗಿಲ್ಲ. ಯಾವಾಗ ಹೋಗುತ್ತೋ, ಹೋಗುತ್ತೋ ಇಲ್ವೋ, ಅದೂ ಗೊತ್ತಿಲ್ಲ. ಗೊತ್ತಾದ ದಿನ ಆ ಬಟ್ಟೆ ತಗೊಂಡು ನಾನೇ ಬೇಕರಿಗೆ ಬರ್ತೀನಿ. ಕೊಡೋದಕ್ಕೋ, ಬ್ರೆಡ್ಡು ಸುತ್ತಿಸ್ಕೊಳ್ಳೋದಕ್ಕೋ, ಆವತ್ತೇ ಹೇಳ್ತೀನಿ. ಅಲ್ಲೀವರೆಗೆ ಕಾಯ್ತೀರಾ?"

"ಕಾಯ್ತೀನಿ."

"ಏನೂ ಕೆಡಿಸದೆ?"

"ಏನೂ ಕೆಡಿಸದೆ" ಎಂದ. ಅವನ ಕಣ್ಣು ತುಂಬಿತ್ತು.

ಕುರ್ಚಿಯಲ್ಲಿದ್ದ ಮಾವ ಬೀದಿಯಲ್ಲಿ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆ ಎಂಬಂತೆ ಮುಖ ಆಚೆ ತಿರುಗಿಸಿದರು. ಬೀದಿಯಲ್ಲಿ ಏನೂ ಇರಲಿಲ್ಲ.

ಅವನು ಜೇಬಿನಿಂದ ಮುಷ್ಟಿ ತೆಗೆದು, ಅವಳ ಮುಂದೆ ಚಾಚಿ, ಬಿಡಿಸಿದ. ಅಂಗೈಯ ನಡುವೆ ಐದು ಪುಟ್ಟ ವಾಷರುಗಳು. ಒಂದೊಂದರ ಹಲ್ಲಿನ ಸಂದಿಯಿಂದಲೂ ಬಣ್ಣದ ಚೂರು ತೆಗೆದು, ಹೊಳೆಯುವ ಹಾಗೆ ಉಜ್ಜಿದ್ದ.

ಅವಳು ಚಿಮುಟ ತೆಗೆದುಕೊಂಡಳು. ಒಂದನ್ನು ಎತ್ತಿ ಡ್ರಾಯರಿನಲ್ಲಿ ವಾಷರುಗಳ ಖಾನೆಯೊಳಗೆ ಇಟ್ಟಳು. ಎರಡನೆಯದನ್ನು ಎತ್ತಿದಳು. ಮೂರನೆಯದು, ನಾಲ್ಕನೆಯದು. ಕೊನೆಯದು ಅವನ ಅಂಗೈಯ ಗೆರೆಯೊಂದರಲ್ಲಿ ಸಿಕ್ಕಿ, ಹಿಡಿಯಲು ಹೋದಾಗಲೆಲ್ಲ ಜಾರುತ್ತಿತ್ತು. ಅವಳು ಚಿಮುಟದ ತುದಿಯನ್ನು ದಿಟ್ಟಿಸಿದಳು.

ಅದು ಅಲುಗದೆ ನಿಂತಿತ್ತು. ನಡುಗುತ್ತಿದ್ದದ್ದು ಅವನ ಅಂಗೈ.